ಹನ್ನೊಂದು ಫೋನುಗಳಿದ್ದ ಕೋಣೆ

ಮೊದಲು ವಾಸನೆ ಬಂತು, ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ. ಟೈಮ್ ಆಫೀಸಿನ ಗೋಡೆ ಗಡಿಯಾರ ಯಾವಾಗಲೂ ನಾಲ್ಕು ನಿಮಿಷ ಮುಂದಿರುತ್ತಿದ್ದುದರಿಂದ ನಾನು ಕಂಪ್ಯೂಟರಿನ ಮೂಲೆಯಲ್ಲಿ ಕಾಣುವ ಸಮಯವನ್ನೇ ನಂಬುತ್ತಿದ್ದೆ. ಆಗಲೂ ಅದನ್ನೇ ನೋಡಿದೆ. ಗೋವಾದ ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ, ಸಿಗಡಿ ಸುಲಿದು ಮಂಜುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಯೊಂದರಲ್ಲಿ ನಾನು ಹಾಜರಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಮೀನಿನ ವಾಸನೆ ಮೂಗಿಗೆ ಗೊತ್ತಾಗುವುದೇ ಇಲ್ಲ. ಇದು ಬೇರೆಯಾಗಿತ್ತು. ಬಹಳ ದಿನ ಮುಚ್ಚಿಟ್ಟ ಶೌಚಾಲಯದ ಬಾಗಿಲು ತೆರೆದಂತಾಯಿತು, ಆಮೇಲೆ ಕಣ್ಣಿನ ಹಿಂದೆ ಯಾರೋ ಸೂಜಿ ಆಡಿಸಿದಂತಾಯಿತು. ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾದ ಪೈಪು ಒಡೆದಿತ್ತು.

ಮುಂದಿನದನ್ನು ಹೇಳುವ ಮೊದಲು ಫೋನುಗಳ ವಿಷಯ ಹೇಳಬೇಕು. ಅದನ್ನು ಹೇಳದೆ ಬರೀ ಗ್ಯಾಸಿನ ಕಥೆ ಹೇಳುವುದನ್ನು ನಾನು ಎಷ್ಟೋ ವಾರ ಮಾಡಿದ್ದೇನೆ.

ನಾನು ಗೋವಾದಲ್ಲೇ ಹುಟ್ಟಿದವಳು. ಅಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಈಗ ಅಪ್ಪ, ಅವ್ವ ಮಡಗಾಂವಿನಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾರೆ. ನಾನು ಬಿ.ಕಾಂ. ಮುಗಿಸಿ, ಕೆಲಸಕ್ಕೆ ಹತ್ತಿರವಾಗಲಿ ಎಂದು ವಸಾಹತಿನ ಕೆಳಗಿನ ಊರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ ಸರ್ ಒಬ್ಬರು ನನ್ನ ಹಳೆಯ ಲ್ಯಾಪ್‌ಟಾಪಿಗೆ ಸ್ವತಂತ್ರ ತಂತ್ರಾಂಶ ಹಾಕಿಕೊಟ್ಟು, “ಇದರ ಒಳಗೆ ಏನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಬಿಚ್ಚಿ ನೋಡೋಕೆ ಬಿಡದ ಸಾಮಾನು ನಿನ್ನದಲ್ಲ, ನೀನೇ ಅದರದು” ಎಂದಿದ್ದರು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಅದೇ ಮಾತು ಇಷ್ಟಪಡುವವರ ಕನ್ನಡದ ಗುಂಪೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಸಂಜೆ ಆರಕ್ಕೆ ಕೋಣೆಗೆ ಬಂದರೆ ಮಾತಾಡಲು ನನಗೆ ಆ ಗುಂಪೊಂದೇ ಇತ್ತು.

ಅಲ್ಲಿ ನನಗೆ ಬೇರೆ ಹೆಸರು. ಆ ಹೆಸರಿನಿಂದ ನಾನು ಹೆಣ್ಣೋ ಗಂಡೋ ತಿಳಿಯುವಂತಿರಲಿಲ್ಲ. ಎಲ್ಲರೂ ಗಂಡೇ ಅಂದುಕೊಂಡು “ಸರ್” ಎನ್ನುತ್ತಿದ್ದರು, ನಾನು ತಿದ್ದಲಿಲ್ಲ. ನಾವು ಜಗಳವಾಡದ ವಿಷಯವಿರಲಿಲ್ಲ. ಮುಖ ತೋರಿಸಿ ಬಾಗಿಲು ತೆರೆಯುವ ಯಂತ್ರ, ಪೊಲೀಸರು ಫೋನು ಕೇಳಿದರೆ ಕೊಡಬೇಕೇ ಬೇಡವೇ, ಒಳಗೇನಿದೆ ಎಂದು ನೋಡಲು ಬಿಡದ ಕಂಪನಿಯೊಂದರ ಕೀಬೋರ್ಡ್ ಆ್ಯಪಿನಿಂದ ಸ್ವಾತಂತ್ರ್ಯದ ಲೇಖನ ಟೈಪು ಮಾಡುವುದು ಪಾಪವೇ. ಈ ಕೊನೆಯದರ ಮೇಲೆ ಹನ್ನೆರಡು ದಿನ ವಾದ ನಡೆದು ಇಬ್ಬರು ಗುಂಪು ಬಿಟ್ಟು ಹೋದರು. ನನಗೆ ಖಾಯಂ ಎದುರಾಳಿ ಒಬ್ಬರಿದ್ದರು, ಯಾವುದೋ ಇಲಾಖೆಯಿಂದ ನಿವೃತ್ತರಾದವರು. ನಾನು ಏನು ಬರೆದರೂ ಅರ್ಧ ಗಂಟೆಯೊಳಗೆ ಉತ್ತರ. “ಕಣ್ಣಿದ್ದ ಕಡೆ ಅಪಾಯ ಕಡಿಮೆ ಸ್ವಾಮಿ. ಮುಚ್ಚಿಡುವಂಥದ್ದು ಏನಿದೆ ನಿಮ್ಮಲ್ಲಿ?” ಎಂಬುದು ಅವರ ಪಲ್ಲವಿ. ನಾನು ಎರಡು ದಿನ ಬರೆಯದಿದ್ದರೆ “ಎಲ್ಲಿ ಹೋದಿರಿ, ಸೋತಿರಾ?” ಎಂದು ಕೇಳುತ್ತಿದ್ದವರೂ ಅವರೇ. ನಾನು ಕಾಣದಿದ್ದರೆ ಗಮನಿಸುವ ಮನುಷ್ಯ ಇಡೀ ಲೋಕದಲ್ಲಿ ಅವರೊಬ್ಬರೇ ಎಂದು ಒಮ್ಮೆ ಹೊಳೆದು, ಅವತ್ತು ಬೇಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಕಾರ್ಖಾನೆಯಲ್ಲಿ ನನ್ನ ಸ್ಥಿತಿ ಹೀಗಿತ್ತು: ಆಫೀಸಿನವರಿಗೆ ನಾನು ಕಾರ್ಮಿಕರ ಪೈಕಿ, ಕಾರ್ಮಿಕರಿಗೆ ಆಫೀಸಿನ ಪೈಕಿ. ನಮ್ಮ ಕಡೆಯವರನ್ನು ಇಲ್ಲಿ ಕೆಲವರು ಕರೆಯುವ ಒಂದು ಹೀನ ಮಾತಿದೆ. ಅದನ್ನು ನನ್ನೆದುರಿಗೇ ಆಡಿ, “ತುಮ್ಹೇಂ ನಹೀ ಬೋಲಾ ಮೇಡಂ”, ನಿಮಗಲ್ಲ ಅಂದದ್ದು, ಎನ್ನುತ್ತಿದ್ದರು. ಸುಲಿಯುವ, ಪ್ಯಾಕ್ ಮಾಡುವ ಹೆಂಗಸರೆಲ್ಲ ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯವರು. ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುವುದು ಅವರ ರೂಢಿ. ಮುದ್ದೇಬಿಹಾಳದಾಕಿ, ಇಂಡಿ ಕಡೆಯಾಕಿ, ಹುನಗುಂದದಾಕಿ. ಈ ಹುನಗುಂದದಾಕಿಯ ಗಂಡ ಅದೇ ಕಾರ್ಖಾನೆಯಲ್ಲಿ ಲಾರಿಗೆ ಪೆಟ್ಟಿಗೆ ಹೇರುತ್ತಿದ್ದ. ಮಧ್ಯಾಹ್ನ ಗೇಟಿನ ಹೊರಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಆಕೆ ರೊಟ್ಟಿ ಮುರಿದುಕೊಡುವಳು, ಆತ ಆಕೆಯ ಪಾಲಿನ ಹಸಿಮೆಣಸಿನಕಾಯಿಯನ್ನೂ ತಿನ್ನುವನು.

ಗುತ್ತಿಗೆದಾರರು ಹಾಜರಿಗೆ ಒಂದು ಆ್ಯಪ್ ತಂದರು. ಗೇಟಿನಲ್ಲಿ ಮುಖ ತೋರಿಸಬೇಕು, ಆಮೇಲೆ ಪಾಳಿ ಮುಗಿಯುವ ತನಕ ಫೋನು ಕಾರ್ಖಾನೆಯ ಒಳಗಿರಬೇಕು. ಯಾರ ಫೋನು ಯಾವ ವಿಭಾಗದಲ್ಲಿದೆ ಎಂದು ನಮ್ಮ ಪರದೆಯ ಮೇಲೆ ಸಂಖ್ಯೆ ಬರುತ್ತಿತ್ತು. ಹೆಂಗಸರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಏಪ್ರನ್ನಿನ ಒಳಗೆ ಇಟ್ಟುಕೊಳ್ಳುತ್ತಿದ್ದರು. ಎರಡನೆಯ ತಿಂಗಳಿಗೆ ಪಟ್ಟಿಯಲ್ಲಿ ಹೊಸ ಕಾಲಂ ಒಂದು ಬಂತು: ಶೌಚಾಲಯದಲ್ಲಿ ಎಷ್ಟು ನಿಮಿಷ. ಒಂದು ದಿನ ಸೂಪರ್‌ವೈಸರ್ ಎಲ್ಲರೆದುರು ಹುನಗುಂದದಾಕಿಯನ್ನು ನಿಲ್ಲಿಸಿ, “ಅಠಾರಾ ಮಿನಿಟ್? ಕ್ಯಾ ಕರ್ ರಹೀ ಥೀ?” ಎಂದು ಹದಿನೆಂಟು ನಿಮಿಷದ ಲೆಕ್ಕ ಕೇಳಿದ. ಅವತ್ತು ಆಕೆ ಹೊರಗಾಗಿದ್ದಳು. ಹೇಳಲಿಲ್ಲ. ಆ ಪಟ್ಟಿಯನ್ನು ಪ್ರತಿ ಸಂಜೆ ಮುದ್ರಿಸಿ ಕೊಡುತ್ತಿದ್ದವಳು ನಾನೇ.

ಪಾಳಿ ಮುಗಿಸಿ ಹೋಗುವಾಗ ಆಕೆ ನನ್ನ ಕಿಟಕಿಯ ಹತ್ತಿರ ನಿಂತಳು.

“ಅಕ್ಕಾರ, ನಮ್ಮ ಅತ್ತೀಕಿಂತ ದೊಡ್ಡ ಕಾಟ ಆಗೈತ್ರಿ ಈ ಫೋನು. ಅತ್ತಿ ಬರೇ ಎಲ್ಲಿ ಹೋಗಿದ್ದಿ ಅಂತ ಕೇಳತಿದ್ಲು. ಇದು ಎಷ್ಟೊತ್ತು ಕುಂತಿದ್ದಿ ಅಂತ ಊರಿಗೆಲ್ಲ ಹೇಳತೈತಿ.”

ಹಿಂದಿನಿಂದ ಮುದ್ದೇಬಿಹಾಳದಾಕಿ, “ಕುಂತದ್ದಕ್ಕ ರಸೀದಿ ಕೊಡತೈತೇನ ಕೇಳ ಮತ್ತ, ಇಸ್ಕೊಂಡ ಬಾ!” ಎಂದಳು. ಎಲ್ಲರೂ ನಕ್ಕರು. ಹುನಗುಂದದಾಕಿಯೂ ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

ಆಗ ನಾನು ಹೇಳಿದೆ: “ಫೋನು ಒಳಗಿರಬೇಕು ಅಂತ ಐತಿ. ನಿಮ್ಮ ಮೈಮ್ಯಾಲ ಇರಬೇಕು ಅಂತ ಎಲ್ಲಿ ಬರದಾರ?”

ಪ್ಯಾಕಿಂಗ್ ಹಾಲ್‌ನ ಪಕ್ಕದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಇಡುವ ಸಣ್ಣ ಕೋಣೆಯಿತ್ತು. ಆ್ಯಪಿನ ನಕ್ಷೆಯಲ್ಲಿ ಅದು ಹಾಲ್‌ನೊಳಗೇ ಸೇರಿತ್ತು. ಬೆಳಗ್ಗೆ ಬಂದ ಕೂಡಲೇ ಫೋನುಗಳನ್ನೆಲ್ಲ ಅಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ, ಪರದೆಯ ಮೇಲೆ ಅವರು ದಿನವಿಡೀ ಪ್ಯಾಕಿಂಗಿನಲ್ಲೇ ಇದ್ದಂತೆ ಕಾಣುತ್ತಿತ್ತು. ಮರುದಿನದಿಂದ ಪ್ಯಾಕಿಂಗಿನ ಹನ್ನೊಂದೂ ಹೆಂಗಸರು ಹಾಗೆಯೇ ಮಾಡಿದರು. ಶೌಚಾಲಯದ ಕಾಲಮ್ಮಿನಲ್ಲಿ ಅವರ ಎದುರು ಸೊನ್ನೆ ಬೀಳತೊಡಗಿತು. ಸೂಪರ್‌ವೈಸರ್ ನನಗೇ, “ದೇಖಾ ಮೇಡಂ, ಸುಧರ್ ಗಯೀ ಸಬ್” ಎಂದ. ಎಲ್ಲ ದಾರಿಗೆ ಬಂದರಂತೆ.

ಅವತ್ತು ಸಂಜೆ ಗುಂಪಿನಲ್ಲಿ ಬರೆದೆ. ಎಲ್ಲಿ, ಯಾರು ಎಂದು ಹೇಳದೆ, ಫೋನನ್ನು ಹಾಜರಿಗೆ ಬಿಟ್ಟು ಮನುಷ್ಯರು ಬಿಡುಗಡೆಯಾದ ಕಥೆ. ಅಷ್ಟು ಮೆಚ್ಚುಗೆ ನನ್ನ ಯಾವ ಬರಹಕ್ಕೂ ಬಂದಿರಲಿಲ್ಲ. ಎದುರಾಳಿಯೂ “ಜಾಣತನವೇನೋ ಹೌದು” ಎಂದಷ್ಟೇ ಬರೆದು ಸುಮ್ಮನಾದರು. ನಾನು ಗೆದ್ದಿದ್ದೆ. ಕೋಣೆಯಲ್ಲಿ ಒಬ್ಬಳೇ ಕೂತು ಚಹಾ ಮಾಡಿಕೊಂಡು ಅವೇ ಮೆಚ್ಚುಗೆಗಳನ್ನು ಎರಡು ಮೂರು ಸಲ ಓದಿದೆ.

ನಾಲ್ಕು ತಿಂಗಳ ಮೇಲೆ ಆ ಎರಡು ನಲವತ್ತೊಂದು.

ಸೈರನ್ ಕೂಗಿತು. ನಾವೆಲ್ಲ ಗೇಟಿನ ಹತ್ತಿರದ ಬಯಲಿಗೆ ಓಡಿದೆವು. ಸುಲಿಯುವವರು ಬಂದರು, ಐಸ್ ವಿಭಾಗದವರು ಬಂದರು, ಲೋಡಿಂಗಿನವರು ಬಂದರು. ಕೆಮ್ಮು, ಕಣ್ಣೀರು, ಒಬ್ಬರ ಹೆಸರನ್ನು ಇನ್ನೊಬ್ಬರು ಕೂಗುವುದು. ಮೊದಲಾಗಿದ್ದರೆ ರಿಜಿಸ್ಟರ್ ಹಿಡಿದು ಕರೆಯುತ್ತಿದ್ದರು. ಈಗ ಸೂಪರ್‌ವೈಸರ್ ಫೋನು ತೆಗೆದು ಆ್ಯಪ್ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

“ಪ್ಯಾಕಿಂಗ್ ಮೇ ಗ್ಯಾರಾ! ಗ್ಯಾರಾ ಲೋಗ್ ಅಂದರ್ ಹೈ!”

ಹುನಗುಂದದಾಕಿಯ ಗಂಡ ನನ್ನ ಪಕ್ಕದಲ್ಲಿದ್ದ. ಕೂಡಲೇ ಹೆಂಡತಿಗೆ ಫೋನು ಹಚ್ಚಿದ. ಅವನ ಫೋನಿನಿಂದ ರಿಂಗಾಗುವ ಸದ್ದು ನನಗೂ ಕೇಳುತ್ತಿತ್ತು. ಎತ್ತಲಿಲ್ಲ. ಮತ್ತೆ ಹಚ್ಚಿದ. ಕೊನೆಯ ತನಕ ರಿಂಗಾಗಿ ನಿಂತಿತು.

ಹನ್ನೊಂದು ಫೋನುಗಳು ಒಳಗಿವೆ ಎಂಬುದು ನನಗೆ ಗೊತ್ತಿತ್ತು. ಹೆಂಗಸರು ಎಲ್ಲಿದ್ದಾರೆ ಎಂಬುದು ಗೊತ್ತಿರಲಿಲ್ಲ. ಬಹಳ ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ನಿಜ ಬೇರೆ. ಎರಡು ಸಲ ರಿಂಗಾಗುವಷ್ಟು ಹೊತ್ತು ನಾನು ಯೋಚಿಸಿದ್ದು, ಇದನ್ನು ಹೇಳಿದರೆ ಹೇಳಿಕೊಟ್ಟವಳು ನಾನೆಂದು ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ ಎಂಬುದನ್ನೇ. ಅಷ್ಟು ಹೊತ್ತು ಅದನ್ನು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

“ಎತ್ತಾಕತ್ತಿಲ್ಲ! ಬಿದ್ದಾಳಾಕಿ ಒಳಗ!” ಎಂದು ಕೂಗಿ ಆತ ಹೆಗಲ ಮೇಲಿನ ಟವೆಲನ್ನು ಗೇಟಿನ ನೀರಿನ ಡ್ರಮ್ಮಿನಲ್ಲಿ ಅದ್ದಿ, ಮುಖಕ್ಕೆ ಸುತ್ತಿಕೊಂಡು ಓಡಿದ. ಇಬ್ಬರು ಹಿಡಿಯಲು ಹೋದರು, ಕೊಸರಿಕೊಂಡ.

ಆಗ ಬಾಯಿ ಬಿಟ್ಟೆ. “ಫೋನ್ ಆಕಿ ಕಡೆ ಇಲ್ಲ! ಬರೇ ಫೋನ್ ಅದಾವ ಒಳಗ!” ಸೈರನ್ನಿನಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಸೂಪರ್‌ವೈಸರ್ ತಿರುಗಿ, “ಕ್ಯಾ ಬೋಲಾ ಮೇಡಂ?” ಎಂದ.

“ಕುಛ್ ನಹೀ” ಎಂದೆ.

ಹೌದು, ಹಾಗೆಂದೆ. ಆತ ಬಾಗಿಲು ದಾಟಿಯಾಗಿತ್ತು, ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ಆ ಕ್ಷಣದಲ್ಲಿ ಲೆಕ್ಕ ಹಾಕಿದೆನೇ? ನೆನಪಿಲ್ಲ. ಆ ಎರಡು ಶಬ್ದ ಮಾತ್ರ ನೆನಪಿದೆ.

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಹೋಗಿ ಆತನನ್ನು ಹೊರಗೆ ತಂದಾಗ ಮೂರು ಗಂಟೆ ಒಂಬತ್ತು ನಿಮಿಷ. ಖಾಲಿ ಪೆಟ್ಟಿಗೆಗಳ ಕೋಣೆಯ ಬಾಗಿಲಲ್ಲಿ ಸಿಕ್ಕನಂತೆ. ರಿಂಗಾಗುವ ಸದ್ದು ಹಿಡಿದು ಹೋಗಿರಬೇಕು, ಕೈಯಲ್ಲಿ ಹೆಂಡತಿಯ ಫೋನಿತ್ತು. ಆಂಬುಲೆನ್ಸ್ ಹೋದ ಸ್ವಲ್ಪ ಹೊತ್ತಿಗೆ ಹಿಂಬದಿಯ ಗುಡ್ಡದ ರಸ್ತೆಯಿಂದ ಹನ್ನೊಂದು ಹೆಂಗಸರು ಒದ್ದೆ ಏಪ್ರನ್ನಿನಲ್ಲಿ ನಡೆದು ಬಂದರು. ವಾಸನೆ ಬಂದ ಕೂಡಲೇ ಅವರು ಹಿಂದಿನ ಬಾಗಿಲಿನಿಂದ ಹೊರಬಿದ್ದು, ಗಾಳಿಗೆ ಎದುರಾಗಿ ಗೇರುಮರಗಳ ನಡುವೆ ಗುಡ್ಡ ಹತ್ತಿ, ಪಕ್ಕದ ಕಾರ್ಖಾನೆಯ ಅಂಗಳಕ್ಕೆ ಇಳಿದಿದ್ದರು. ಅವರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಹುನಗುಂದದಾಕಿ ಎಲ್ಲರಿಗಿಂತ ಮುಂದೆ ಇದ್ದಳು.

“ಯಾಕ್ರಿ, ಎಲ್ಲಾರೂ ಹಿಂಗ ನೋಡಾಕತ್ತೀರಿ? ನಾವು ಚಲೋ ಅದೀವಿ. ಒಂದ ಫೋನ್ ಕೈಯಾಗಿದ್ರ ಆಗಲೇ ತಿಳಸ್ತಿದ್ವಿ…” ಎನ್ನುತ್ತ ಗಂಡನಿಗಾಗಿ ಅತ್ತಿತ್ತ ನೋಡಿದಳು.

ಆತ ಬದುಕಿದ. ಮಡಗಾಂವಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ. ಎದೆ ಸುಟ್ಟಿತ್ತು, ಬಲಗಣ್ಣು ಸುಟ್ಟಿತ್ತು.

ಮೊದಲ ವಾರದಲ್ಲೇ ಸುದ್ದಿ ನಮ್ಮ ಗುಂಪಿಗೂ ಬಂತು. ಯಾರೋ ಪತ್ರಿಕೆಯ ತುಣುಕು ಹಾಕಿದರು. ಎದುರಾಳಿ ಬರೆದರು: “ಆ ಹೆಂಗಸರ ಫೋನು ಅವರ ಬಳಿಯೇ ಇದ್ದಿದ್ದರೆ ಆ ಮನುಷ್ಯ ಒಳಗೆ ಹೋಗುತ್ತಿರಲಿಲ್ಲ. ನಿಮ್ಮ ಬಿಡುಗಡೆಯ ಕಥೆ ನೆನಪಾಗುತ್ತಿದೆ.” ನಾನು ಆ ಗುರುತಿಲ್ಲದ ಹೆಸರಿನಿಂದ ಉತ್ತರ ಬರೆದೆ: “ಆ ಆ್ಯಪ್ ಹೆಂಗಸರು ಮೂತ್ರಕ್ಕೆ ಹೋದದ್ದನ್ನು ಎಣಿಸದಿದ್ದರೆ ಫೋನು ಅವರ ಬಳಿಯೇ ಇರುತ್ತಿತ್ತು.” ಅದು ನಿಜ. ಅವರು ಬರೆದದ್ದೂ ನಿಜ. ಎರಡು ನಿಜಗಳನ್ನು ಹಿಡಿದು ಗುಂಪು ನಾಲ್ಕು ದಿನ ಹೊಡೆದಾಡಿತು. ನನ್ನ ಸಾಲನ್ನು ಎಷ್ಟೋ ಜನ ಎತ್ತಿ ಹಂಚಿಕೊಂಡರು. ಒಬ್ಬರು, “ಸರ್, ನೀವು ಕಣ್ಣಾರೆ ಕಂಡಂತೆ ಬರೆಯುತ್ತೀರಿ” ಎಂದರು.

ನಿದ್ದೆ ಹೋಗಿತ್ತು. ಕಣ್ಣು ಮುಚ್ಚಿದರೆ ಎರಡನೆಯ ಸಲದ ರಿಂಗು. ಎಷ್ಟು ಸಲ ಟ್ರೀಂಗುಟ್ಟಿತು ಎಂದು ಎಣಿಸುತ್ತಿದ್ದೆ. ಹದಿನಾಲ್ಕು ಆಗುತ್ತಿತ್ತು, ಕೆಲವೊಮ್ಮೆ ಹದಿನಾರು. ಪ್ರತಿ ಸಲವೂ ಐದನೆಯದಕ್ಕೋ ಆರನೆಯದಕ್ಕೋ ನಾನು ಬಾಯಿ ತೆರೆದು ಹೇಳಿಬಿಡುತ್ತಿದ್ದೆ. ಆತ ಟವೆಲ್ ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಲ್ಲುತ್ತಿದ್ದ. ಆಮೇಲೆ ಎಚ್ಚರವಾಗುತ್ತಿತ್ತು. ಅಣ್ಣನಿಗೆ ಫೋನು ಮಾಡಿ ಹೇಳೋಣ ಅನ್ನಿಸಿತು. ಮಾಡಿದೆ. “ನೀ ಅರಾಮ ಇದ್ದೀಯಲ್ಲ? ಹಂಗಾರ ಸಾಕು ಬಿಡು” ಎಂದ. ಅರಾಮ ಇದೀನಿ ಎಂದೆ.

ಕಾರ್ಖಾನೆ ಮತ್ತೆ ತೆರೆದ ದಿನ ಹನ್ನೊಂದು ಹೆಂಗಸರು ಗೇಟಿನ ಯಂತ್ರಕ್ಕೆ ಮುಖ ತೋರಿಸಿದರು. ಯಂತ್ರ ಗುರುತು ಹಿಡಿಯಲಿಲ್ಲ. ಅವರ ಮುಖಗಳನ್ನು ಮೇಲಿನವರೇ ಯಂತ್ರದಿಂದ ತೆಗೆಸಿದ್ದರು. ಮ್ಯಾನೇಜರ್ ಸಾಹೇಬರು ಒಬ್ಬೊಬ್ಬರನ್ನೇ ಕರೆದು, ಫೋನು ಅಲ್ಲಿಡಲು ಯಾರು ಹೇಳಿಕೊಟ್ಟರು ಎಂದು ಕೇಳಿದರು. ನನ್ನನ್ನೇ ದುಭಾಷಿಯಾಗಿ ಕೂರಿಸಿಕೊಂಡರು.

ಹನ್ನೊಂದು ಸಲ ನಾನು ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ.

“ಯಾರ ಹೇಳಬೇಕ್ರಿ? ನಮಗ ಬುದ್ಧಿ ಇಲ್ಲೇನ?” ಎಂದಳು ಮುದ್ದೇಬಿಹಾಳದಾಕಿ, ನನ್ನ ಕಣ್ಣನ್ನೇ ನೋಡುತ್ತ. “ಸಾಹೇಬ್ರಿಗೆ ಹೇಳ್ರಿ, ನಾವ ಮಾಡಿದ್ದು ಅಂತ.”

ಹುನಗುಂದದಾಕಿ ಕೊನೆಯವಳು. “ನಾನ ಮೊದಲ ಇಟ್ಟಾಕಿ, ಉಳದವ್ರು ನನ್ನ ನೋಡಿ ಇಟ್ರು” ಎಂದಳು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಮ್ಯಾನೇಜರ್ ಬರೆದುಕೊಂಡರು. ಹೆಂಗಸರು ನನ್ನನ್ನು ಉಳಿಸುತ್ತಿದ್ದರು, ನಾನು ಉಳಿಯುತ್ತಿದ್ದೆ. ಗೇಟಿನಲ್ಲಿ ನಡೆದದ್ದು, ಆ ಎರಡು ರಿಂಗು, ಆ “ಕುಛ್ ನಹೀ” ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಉಳಿಸುತ್ತಿದ್ದರೇ? ದಿನಾ ಬೆಳಗ್ಗೆ ನಾನು ಮುಖ ತೋರಿಸಿ ಒಳಗೆ ಹೋಗುವಾಗ ಅವರು ಗೇಟಿನಾಚೆ ಗಟಾರದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮತ್ತೆ ಕೆಲಸಕ್ಕೆ ಕರೆದಾರೆಂಬ ಆಸೆಯಿಂದ. “ಬರ್ರಿ ಅಕ್ಕಾರ, ನಿಮ್ಮ ಮಾರಿ ಇನ್ನೂ ಹಿಡಿಸೈತೇನ ಅದಕ್ಕ?” ಎಂದು ಒಬ್ಬಳು ತಮಾಷೆ ಮಾಡುತ್ತಿದ್ದಳು.

ಆಸ್ಪತ್ರೆಗೆ ಎರಡು ಸಲ ಹೋದೆ. ಎರಡು ಸಲವೂ ಹಣ್ಣು ಇಟ್ಟು, ಡಾಕ್ಟರು ಏನಂದರು ಎಂದು ಕೇಳಿ, ಹೇಳಬೇಕಾದ್ದನ್ನು ಹೇಳದೆ, ಬಸ್ಸಿಗೆ ತಡವಾಯಿತು ಎಂದು ಎದ್ದು ಬಂದೆ. ಮೂರನೆಯ ಸಲ ಹೋದಾಗ ಐದನೆಯ ವಾರ. ಆತನ ಮೂಗಿನ ನಳಿಕೆ ತೆಗೆದಿದ್ದರು. ಕಣ್ಣಿಗೆ ಪಟ್ಟಿಯಿತ್ತು. ಹೆಂಡತಿ ಸ್ಟೀಲಿನ ಲೋಟದಲ್ಲಿ ಗಂಜಿ ಆರಿಸುತ್ತಿದ್ದಳು.

“ಬರ್ರಿ. ಏನಂತೈತಿ ಫ್ಯಾಕ್ಟರಿ?” ಎಂದ. ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಿತ್ತು.

ನಿಂತುಕೊಂಡೇ ಹೇಳಿದೆ. ಫೋನು ಅಲ್ಲಿಡಲು ಹೇಳಿದವಳು ನಾನು ಎಂದೆ. “ಅದು ಗೊತ್ತೈತಿ ಬಿಡ್ರಿ, ಆಕಿ ಹೇಳ್ಯಾಳ” ಎಂದ. ಉಳಿದದ್ದನ್ನೂ ಹೇಳಿದೆ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಆತ ಒಂದೇ ಕಣ್ಣಿನಿಂದ ನನ್ನನ್ನು ನೋಡಿದ.

“ನಾ ಫೋನ್ ಹಚ್ಚೂ ಮುಂದ ನೀವು ಎಲ್ಲಿದ್ರಿ?”

“ನಿಮ್ಮ ಬಾಜೂಕ.”

“ಎಷ್ಟ ದೂರ?”

ಪಕ್ಕದ ಮಂಚ ತೋರಿಸಿದೆ. ಆತ ಆ ಮಂಚವನ್ನು ನೋಡಿದ, ಅದರ ಮೇಲಿದ್ದ ಮುದುಕ ನಮ್ಮತ್ತ ನೋಡಿದ. ಹುನಗುಂದದಾಕಿ ಲೋಟ ಕೆಳಗಿಟ್ಟಳು.

“ನನಗ ಯಾಕ ಹೇಳಲಿಲ್ರಿ?” ಎಂದಳು. ದನಿ ಏರಿಸಲಿಲ್ಲ. “ದಿನಾ ನನ್ನ ಕಪಾಳಕ್ಕ ನಾನ ಹೊಡಕೊಂಡೇನಿ. ನನ್ನ ಫೋನ ನನ್ನ ಗಂಡನ್ನ ಒಳಗ ಕರದು ಸುಡ್ತು ಅಂತ. ನೀವು ಬಂದ ಮೋಸಂಬಿ ಇಟ್ಟ ಹೋಗತಿದ್ರಿ. ನಾ ನಿಮಗ ಚಾ ತಂದಕೊಡತಿದ್ನಿ.”

ಗುಂಪಿನಲ್ಲಿ ವರ್ಷಗಟ್ಟಲೆ ಎಲ್ಲದಕ್ಕೂ ಪುಟಗಟ್ಟಲೆ ಉತ್ತರ ಬರೆದವಳಿಗೆ ಒಂದೇ ಮಾತು ಸಿಕ್ಕಿತು.

“ತಪ್ಪಾತು” ಎಂದೆ.

ಆತ ಗೋಡೆಯ ಕಡೆ ಹೊರಳಿದ. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದೆ. ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ:

“ನನಗಷ್ಟ ಹೇಳಿ ಹಗುರ ಆಗಬ್ಯಾಡ್ರಿ ಅಕ್ಕಾರ. ಹನ್ನೊಂದು ಮಂದಿ ಗೇಟಿನ ಹೊರಗ ಕುಂತಾರ. ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ರಿ.”

ಎಲ್ಲಿ ಹೇಳಬೇಕೆಂಬುದು ನನಗೆ ಗೊತ್ತಿತ್ತು. ಆದರೂ ಮೊದಲು ಸುಲಭದ ಕಡೆ ಹೋದೆ. ಅವತ್ತೇ ಸಂಜೆ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ವಾದವಿಲ್ಲದೆ, ನಡೆದದ್ದು ಮಾತ್ರ. ಸುಳ್ಳು ಹೆಸರಿನಿಂದ ಹೇಳಿದ ನಿಜಕ್ಕೆ ಎಷ್ಟು ಬೆಲೆಯೋ ಅಷ್ಟೇ ಸಿಕ್ಕಿತು. ಕೆಲವರು ಇದು ಆ್ಯಪ್ ಕಂಪನಿಯವರು ಬರೆಸಿದ್ದು ಎಂದರು. ಕೆಲವರು, ಹೀಗೆ ಬರೆದು ಹೋರಾಟಕ್ಕೆ ಹಾನಿ ಮಾಡಬೇಡಿ ಎಂದರು. ಒಬ್ಬರು, “ಕಥೆ ಚೆನ್ನಾಗಿದೆ ಸರ್, ಅಂತ್ಯ ಇನ್ನೂ ಗಟ್ಟಿ ಮಾಡಬಹುದಿತ್ತು” ಎಂದರು. ಎದುರಾಳಿ ಎರಡು ದಿನ ಏನೂ ಬರೆಯಲಿಲ್ಲ. ಗೆದ್ದೆ ಎಂದು ಬರೆಯುತ್ತಾರೆ ಎಂದು ಕಾದೆ. ಮೂರನೆಯ ದಿನ ನನಗೊಬ್ಬಳಿಗೇ ಒಂದು ಸಾಲು ಬಂತು: “ಆತನ ಉಸಿರಾಟ ಈಗ ಹೇಗಿದೆ?” ಆ ವಿಷಯದ ಮೇಲೆ ಬಂದ ನೂರಾರು ಸಾಲುಗಳಲ್ಲಿ ಆತನ ಬಗ್ಗೆ ಕೇಳಿದ್ದು ಅದೊಂದೇ. ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದು ಬರೆದೆ. ಅವರು ಮತ್ತೇನೂ ಕೇಳಲಿಲ್ಲ. ನನಗೆ ಅಳು ಬಂತು.

ಅಪಘಾತದ ತನಿಖೆಗೆ ಸರ್ಕಾರದ ಕಡೆಯಿಂದ ಒಬ್ಬ ಅಧಿಕಾರಿ ಬರುತ್ತಿದ್ದರು. ಕೊಂಕಣಿಯವರು, ಕಡಿಮೆ ಮಾತು. ಅವರಿಗೆ ಕೊಡಲೆಂದು ಇಂಗ್ಲಿಷಿನಲ್ಲಿ ಮೂರು ಪುಟ ಬರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಓದಿ, ಎರಡನೆಯ ಪುಟದ ಕೊನೆಯಲ್ಲಿ ನಿಂತು, ಹಿಂದಿಯಲ್ಲಿ ಕೇಳಿದರು: “ಇದೆಲ್ಲ ಸರಿ. ಇದರಲ್ಲಿ ನೀವು ಏನು ಮಾಡಿದಿರಿ ಅನ್ನೋದು ಎಲ್ಲಿದೆ?”

ನೋಡಿದೆ. ಎರಡು ಪುಟ ಕಾರ್ಮಿಕರ ಖಾಸಗಿತನ, ಒಪ್ಪಿಗೆ ಕೇಳದೆ ಮಾಹಿತಿ ಸಂಗ್ರಹಿಸುವುದು, ಒಳಗೇನಿದೆ ಎಂದು ನೋಡಲು ಬಿಡದ ತಂತ್ರಾಂಶದ ಮೇಲೆ ಪ್ರಾಣ ಒತ್ತೆಯಿಡುವುದು. ನನ್ನ ಹಳೆಯ ಬರಹಗಳಂತೆಯೇ ಚೊಕ್ಕಟವಾಗಿತ್ತು. ನಾನು ಮೂರನೆಯ ಪುಟದ ಮಧ್ಯದಲ್ಲಿ ಒಂದು ಸಾಲಿನಲ್ಲಿದ್ದೆ. ಅದೂ “ಹೇಳಿಕೊಡಲಾಗಿತ್ತು” ಎಂದು, ಯಾರು ಎಂಬುದಿಲ್ಲದೆ. ಅವರ ಮೇಜಿನ ಮೇಲೆಯೇ ಹೊಸ ಹಾಳೆ ತೆಗೆದುಕೊಂಡು ಒಂದೇ ಪುಟ ಬರೆದೆ. ನಾನು ಹೇಳಿಕೊಟ್ಟೆ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಕೇಳಿದಾಗ ಏನೂ ಇಲ್ಲ ಎಂದೆ. ಹೆಂಗಸರ ತಪ್ಪಿಲ್ಲ. ಕೆಳಗೆ ನನ್ನ ನಿಜವಾದ ಹೆಸರು, ಅಪ್ಪನ ಹೆಸರು, ವಿಳಾಸ. ಅಷ್ಟು ವರ್ಷಗಳಲ್ಲಿ ನನ್ನ ಸ್ವಂತ ಹೆಸರಿನಲ್ಲಿ ಬರೆದ ಮೊದಲ ಬರಹ ಅದು. ಹೊರಡುವ ಮುಂಚೆ ಶೌಚಾಲಯದ ಕಾಲಂ ಇದ್ದ ಪಟ್ಟಿಗಳನ್ನೂ ಅವರ ಮುಂದಿಟ್ಟೆ. ಅದನ್ನು ಓದುವಾಗ ಮಾತ್ರ ಅವರು ತಲೆಯೆತ್ತಿ, “ಹ್ಯೆಂ ಕಿತೆಂ?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಇದೇನಿದು ಎಂದು.

ಮರುದಿನ ಗೇಟಿನ ಯಂತ್ರ ನನ್ನ ಮುಖವನ್ನೂ ಗುರುತು ಹಿಡಿಯಲಿಲ್ಲ. ಗಟಾರದ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ನೋಡುತ್ತಿದ್ದರು. ಅಷ್ಟರಲ್ಲಿ ಅವರಿಗೆ ಎಲ್ಲ ಗೊತ್ತಾಗಿತ್ತು. ಯಾರೂ ತಮಾಷೆ ಮಾಡಲಿಲ್ಲ. ಮುದ್ದೇಬಿಹಾಳದಾಕಿ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಕೂರಲು ಜಾಗ ಮಾಡಿಕೊಟ್ಟಾರೇನೋ ಎಂದು ಒಂದು ಗಳಿಗೆ ನಿಂತೆ. ಆಮೇಲೆ ಇಳಿಜಾರು ಇಳಿದು ಬಂದೆ.

ಒಂದೂವರೆ ವಾರ ಕೋಣೆಯಲ್ಲೇ ಇದ್ದೆ. ಗುಂಪಿಗೆ ಹೋಗಲಿಲ್ಲ. ಹಗಲು ಹೊತ್ತು ಮನೆಗಳ ನಡುವಿನ ದಾರಿಯಲ್ಲಿ ಜನ ಓಡಾಡುವುದನ್ನು ಕೇಳುತ್ತಿದ್ದೆ. ಒಂದು ಬುಧವಾರ ಸಂಜೆ ಹುನಗುಂದದಾಕಿಯ ಫೋನು ಬಂತು. ಗಂಡ ಆಸ್ಪತ್ರೆಯಿಂದ ಬಂದು ಈಗ ತಮ್ಮ ಕೋಣೆಯಲ್ಲಿದ್ದಾನೆ ಎಂದಳು. ಪೆಟ್ಟಿಗೆ ಹೇರುವುದು ಇನ್ನು ಆಗುವುದಿಲ್ಲ, ಬಲಗಣ್ಣಿಗೆ ಬೆಳಕು ಮಾತ್ರ ಕಾಣುತ್ತದೆ.

“ಇವತ್ತ ಒಳಗ ಬಿಟ್ರು” ಎಂದಳು.

“ಎಲ್ಲಾರನ್ನೂ?”

“ಹನ್ನೊಂದೂ ಮಂದೀನ. ಆ ಸಂಡಾಸದ ಕಾಲಮ್ಮು ತಗದಾರಂತ. ಫೋನ್ ಮಾತ್ರ ಮೈಮ್ಯಾಲ ಇಟ್ಕೋಬೇಕಂತ.” ಹಿಂದಿನಿಂದ ಆತ ಕೆಮ್ಮುವುದು ಕೇಳಿಸಿತು. “ಅಂವ ತಿಳಸು ಅಂದ, ಅದಕ್ಕ ಮಾಡೇನಿ” ಎಂದು ಇಟ್ಟುಬಿಟ್ಟಳು.

ಅನ್ನ ಮಾಡಿಕೊಂಡು ಉಂಡೆ. ಪಾತ್ರೆ ತೊಳೆಯಲಿಲ್ಲ. ಚಾಪೆಯ ಮೇಲೆ ಸುಮ್ಮನೆ ಒರಗಿದ್ದೆ. ಯಾವ ರಿಂಗನ್ನೂ ಎಣಿಸಿದ ನೆನಪಿಲ್ಲ.

ಎಚ್ಚರವಾದದ್ದು ಬಾಗಿಲು ಬಡಿದ ಸದ್ದಿಗೆ. ಕಿಟಕಿಯಿಂದ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಪಕ್ಕದ ಕೋಣೆಯ ಗದಗಿನ ಮುದುಕಿ ಖಾಲಿ ಕೊಡ ಹಿಡಿದು ನಿಂತಿದ್ದಳು.

“ನಳ ಬಂದು ಹೋಗಿ ತಾಸಾತು! ಎಷ್ಟ ಬಡೀಬೇಕವ್ವಾ ನಿನ್ನ ಬಾಗಿಲಾ? ಹೆಣಾ ಮಲಗಿದಂಗ ಮಲಗಿದ್ದೆಲ್ಲ!”